ಒಳಗೆ ಸರಿದ ಸೀಮೆಕಲ್ಲು

1955ನೇ ಇಸವಿ ಮಾರ್ಚ್ ಹನ್ನೊಂದು, ಶುಕ್ರವಾರ. ಬೆಳಿಗ್ಗೆ ಏಳೂವರೆಯ ಸುಮಾರಿಗೆ ಹತ್ತಿಗೇರಿ ಪೊಲೀಸ್ ಠಾಣೆಯ ಬಾಗಿಲಿಗೆ ಊರಚಾಕರಿಯ ವಾಲೀಕಾರ ಓಡಿ ಬಂದ. ಹವಾಲ್ದಾರ ಮಹಮ್ಮದಸಾಬ ಆಗಷ್ಟೇ ಅಂಗಳದ ಕಸ ಹೊಡೆಸಿ ಒಳಗೆ ಬಂದಿದ್ದ. ವಾಲೀಕಾರನಿಗೆ ಉಸಿರು ಹಿಡಿದು ಮಾತು ಹೊರಡಲಿಲ್ಲ. ಹವಾಲ್ದಾರ ಒಂದು ತಂಬಿಗೆ ನೀರು ಕೊಟ್ಟ.

"ಗೌಡ್ರು ಹ್ವಾದ್ರಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ರಿ. ಸೀಮಿ ಹೊಲದಾಗ ಸತ್ತ ಬಿದ್ದಾರ್ರಿ. ತಲಿ ಒಡದೈತ್ರಿ."

ಗೌಡರೆಂದರೆ ಗುರುಸಂಗಪ್ಪಗೌಡ. ಹತ್ತಿಗೇರಿಯ ಅರ್ಧಕ್ಕರ್ಧ ಎರೆಹೊಲ ಅವನದು. ಒಳಗಿನ ಕೋಣೆಯಿಂದ ಫೌಜದಾರ ಗವಿಸಿದ್ದಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊರಗೆ ಬಂದ. ಬೆಳಗಾವಿ ಕಡೆಯಿಂದ ಈ ಠಾಣೆಗೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮೆತ್ತಗೆ ಮಾತಾಡುವ ಮನುಷ್ಯ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿದ್ದ, ಎರಡನೆಯ ಸಲ ಇನ್ನೂ ಮೆತ್ತಗೆ. ವಾಲೀಕಾರನ ಹೇಳಿಕೆ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿ, ಕಲಂ 302ರ ಅಡಿಯಲ್ಲಿ ಎಫ್‌ಐಆರ್ ದಾಖಲು ಮಾಡಿದ. ಎಂಟಕ್ಕೆ ಮುಂಚೆ ಇಬ್ಬರೂ ಸೈಕಲ್ ಹತ್ತಿದರು.

ಹತ್ತಿಗೇರಿ ರೋಣ ತಾಲೂಕಿನ ತುದಿಯ ಊರು. ಯಾವಗಲ್ ದಾಟಿ ಒಂದು ಹರದಾರಿ ಎರೆಯಲ್ಲಿ ನಡೆದರೆ ಸಿಗುತ್ತದೆ. ಅದರ ಹೊಲಗಳು ಮುಗಿದ ಕಡೆ ಮಾಗನಾಳದ ಹೊಲಗಳು ಶುರು. ಮಾಗನಾಳ ನರಗುಂದದ ಕಡೆಗೆ ಸೇರಿದ್ದು, ಅಲ್ಲಿಗೆ ಬೇರೆ ಠಾಣೆ, ಬೇರೆ ಫೌಜದಾರ. ಎರಡು ಊರುಗಳ ನಡುವೆ ಬೇಲಿಯಿಲ್ಲ, ಹಳ್ಳವಿಲ್ಲ, ಒಂದು ಗಿಡವೂ ಇಲ್ಲ. ದೂರ ದೂರಕ್ಕೆ ನೆಟ್ಟ ಸೀಮೆಕಲ್ಲುಗಳೇ ಗಡಿ.

ಬಿಳಿಜೋಳ ಕೊಯ್ದು ಕೂಳೆ ಉಳಿದಿದ್ದ ಹೊಲದ ನಡುವೆ ಗೌಡ ಅಂಗಾತ ಮಲಗಿದ್ದ. ಕಾಲು ನೀಟಾಗಿ ಚಾಚಿದ್ದವು, ಕೈಗಳನ್ನು ಎದೆಯ ಮೇಲೆ ಇಡಲಾಗಿತ್ತು. ಕಳಚಿ ಬಿದ್ದ ರುಮಾಲನ್ನು ಯಾರೋ ಮಡಚಿ ಪಕ್ಕಕ್ಕೆ ಇಟ್ಟಿದ್ದರು. ಹಿಂದಲೆಗೆ ಒಂದೇ ಪೆಟ್ಟು. ರಕ್ತ ಮಾತ್ರ ಅಲ್ಲಿರಲಿಲ್ಲ. ಅದಿದ್ದದ್ದು ಊರಿನ ದಿಕ್ಕಿಗೆ ಸ್ವಲ್ಪ ದೂರದಲ್ಲಿ, ಸೀಮೆಕಲ್ಲಿನ ಬುಡದಲ್ಲಿ. ಕಲ್ಲಿನ ಸುತ್ತ ಹೊಸದಾಗಿ ಅಗೆದಿತ್ತು, ಕಲ್ಲು ಒಂದು ಕಡೆಗೆ ವಾಲಿತ್ತು. ಮಣ್ಣಿನ ಮೇಲೆ ಒಂದು ಹಾರೆ ಬಿದ್ದಿತ್ತು. ಅದರ ತುದಿಗೆ ಕೂದಲು ಅಂಟಿತ್ತು. ಕಲ್ಲಿನಿಂದ ಹೆಣದವರೆಗೆ ಕೂಳೆಗಳು ಒಂದೇ ಅಗಲಕ್ಕೆ ಮಲಗಿದ್ದವು.

ಮಹಮ್ಮದಸಾಬ ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಹಿಮ್ಮಡ ಎಳದ ಗೆರಿ ಇಲ್ರಿ ಸಾಹೇಬ್ರ. ಏನೋ ಅರಿವಿ ಮ್ಯಾಲ ಹಾಕ್ಕೊಂಡ ಎಳದಾರ."

"ಎಳದಾರ ಖರೇ. ಎಲ್ಲಿಗೆ ಎಳದಾರ?" ಗವಿಸಿದ್ದಪ್ಪ ಸುತ್ತ ನೋಡಿದ. ಮುಚ್ಚಿಡಬೇಕೆಂದರೆ ಊರಾಚೆಯ ಹಳ್ಳದ ಕಡೆಗೆ ಎಳೆಯಬೇಕಿತ್ತು, ಇಲ್ಲವೇ ಜೋಳದ ಸೊಪ್ಪೆಯ ಬಣವೆಯ ಮರೆಗೆ. ಇಲ್ಲಿ ಮರೆಯೆಂಬುದೇ ಇರಲಿಲ್ಲ. "ಈ ಜಾಗದಾಗ ಏನೈತಿ?" ಎಂದು ಪಂಚರಾಗಿ ಕರೆಸಿದ್ದ ಊರ ಹಿರಿಯರನ್ನು ಕೇಳಿದ.

"ಏನೂ ಇಲ್ರಿ. ಬರೇ ಹೊಲ."

"ಏನೈತ್ರಿ ಇಲ್ಲಿ?" ಎಂದು ಮತ್ತೆ ಕೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸಿದರು.

ಪಂಚನಾಮೆ ಅರ್ಧವಾಗಿತ್ತು. ಅಷ್ಟರಲ್ಲಿ ಆ ಕಡೆಯಿಂದ ಧೂಳೆಬ್ಬಿಸುತ್ತ ಒಂದು ಟಾಂಗಾ ಬಂತು. ಮಾಗನಾಳದ ಫೌಜದಾರ ಇಬ್ಬರು ಪೇದೆಗಳೊಂದಿಗೆ ಇಳಿದ. ಗೌಡನ ಬೀಗರು ನರಗುಂದದಲ್ಲಿ ದೊಡ್ಡ ಮನುಷ್ಯರು. ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು.

"ಬರೆಯೋದು ನಿಲ್ಲಸ್ರಿ. ಇದು ನಮ್ಮ ಹದ್ದು" ಎಂದ ಅವನು. "ಕಲ್ಲು ನೋಡ್ರಿ ಎಲ್ಲೈತಿ. ಕಲ್ಲಿನ ಈ ಕಡೆ ಹೆಣ. ಈ ಕಡೆ ಮಾಗನಾಳ."

"ನಾ ಎಫ್‌ಐಆರ್ ಮಾಡೇನಿ."

"ನಾನೂ ಮಾಡಿ ಬಂದೇನಿ."

ಇಬ್ಬರೂ ಬಿಸಿಲಲ್ಲಿ ನಿಂತು ವಾದಿಸಿದರು. ಸುತ್ತ ನೆರೆದ ಮಂದಿ ಬದುವಿನ ಮೇಲೆ ನಿಂತು ನೋಡಿದರು. ಕೊನೆಗೆ ಮೊದಲು ಹೆಣ ರೋಣದ ದವಾಖಾನೆಗೆ ಹೋಗಲಿ, ಯಾರ ಹದ್ದೆಂಬುದನ್ನು ಸರ್ವೇದವರು ಅಳೆದು ಹೇಳಲಿ ಎಂದು ಒಪ್ಪಂದವಾಯಿತು. ಮಧ್ಯಾಹ್ನಕ್ಕೆ ಮುಂಚೆ ಚಕ್ಕಡಿ ಹೊರಟಿತು. ಎಡಕ್ಕೆ ಹತ್ತಿಗೇರಿಯ ಪೇದೆ, ಬಲಕ್ಕೆ ಮಾಗನಾಳದ ಪೇದೆ, ನಡುವೆ ಗೌಡ.

ಅಂದು ಸಂಜೆ ಗವಿಸಿದ್ದಪ್ಪ ಗೌಡನ ಮನೆಗೆ ಹೋದ. ಗೌಡನ ಹೆಂಡತಿ ರೇಣುಕವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು.

"ಯಜಮಾನ್ರು ಎಷ್ಟೊತ್ತಿಗೆ ಹೊರಗ ಹ್ವಾದ್ರಿ?"

"ಚಂದ್ರಾಮ ಮ್ಯಾಲ ಬಂದಿದ್ದ."

"ಯಾರ ಜೋಡಿ?"

"ಒಬ್ಬರ. ಆಳು ಬರತೇನಿ ಅಂದ, ಬೈದ ಮಲಗಿಸಿದ್ರು. ತಾವ ಎತ್ತು ಬಿಚ್ಚಿಕೊಂಡ್ರು, ಹಾರಿ ತೊಗೊಂಡ್ರು."

"ಗಾಡಿ?"

"ಇಲ್ಲ. ಬರೇ ಎತ್ತು. ನಸಿಕಿನ್ಯಾಗ ಕದಾ ತಗದ್ರ ಎತ್ತು ಎರಡೂ ಬಾಗಲದಾಗ ನಿಂತಿದ್ವು. ನೊಗಕ್ಕ ಕಬ್ಬಿಣದ ಸರಪಳಿ ಹಂಗ ಜೋತಿತ್ತು. ಅದನ್ನ ನೋಡಿನ ಹುಡಕಾಕ ವಾಲೀಕಾರನ್ನ ಕಳಿಸಿದೆ."

"ಸರಪಳಿ ಯಾಕ ಬೇಕಿತ್ತವ್ವ? ಏನು ಎಳೀಬೇಕಾಗಿತ್ತು?"

ರೇಣುಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನನಗ ಗೊತ್ತಿಲ್ಲ. ಮಂಗಳವಾರ ಊರಾಗ ಡಂಗುರ ಹೊಡದ್ರು, ಹೊಲಾ ಎಲ್ಲಾ ಹೊಸದಾಗಿ ಅಳೀತಾರ, ಚೂರು ಚೂರು ಹೊಲಾ ಕೂಡಸ್ತಾರ ಅಂತ. ಅವತ್ತಿನಿಂದ ಅವರು ಹೊಟ್ಟಿತುಂಬ ಉಂಡಿಲ್ಲ."

ಶನಿವಾರ ಹತ್ತು ಗಂಟೆಗೆ ರೋಣದ ಮಾಮಲೇದಾರ ಕಚೇರಿಯಿಂದ ಸರ್ವೇಯರ್ ಮೈಲಾರಪ್ಪ ಬಂದ. ಜಕ್ಕಲಿಯಲ್ಲಿ ಅಳತೆ ನಡುವೆ ಬಿಟ್ಟು ಬರಬೇಕಾಯಿತೆಂದು ಅವನಿಗೆ ಸಿಟ್ಟಿತ್ತು. ಬಿಸಿಲಿಗೂ ಸಿಟ್ಟು, ಎರೆಗೂ ಸಿಟ್ಟು. ಇಬ್ಬರು ಆಳುಗಳ ಕೈಗೆ ಅಳತೆಯ ಸಾಖಳಿ ಕೊಟ್ಟ. ಹತ್ತಿಗೇರಿಯ ನಕಾಶೆಯನ್ನು ಮರದ ಹಲಗೆಯ ಮೇಲೆ ಬಿಚ್ಚಿ ಮೂಲೆಗಳಿಗೆ ಹೆಂಟೆ ಇಟ್ಟ. ಎರಡೂ ಠಾಣೆಯವರು ಹಲಗೆಯ ಸುತ್ತ ನಿಂತರು.

"ಹೆಣ ಬಿದ್ದ ಜಾಗಕ್ಕ ಗೂಟ ಹೊಡದೀರಿ? ಚಲೋ. ಅದು ನಕಾಶಿದಾಗ ಎಲ್ಲಿ ಬರತದ ನೋಡೂಣು. ಎಲ್ಲಿ ಬರತದ ಅನ್ನೋದು ಸಿಕ್ಕರ, ಅಲ್ಲಿ ಏನದ, ಯಾರದದ ಅಂತ ನಕಾಶಿನ ಹೇಳತದ."

ಬಡಗಣ ಸೀಮೆಕಲ್ಲಿನಿಂದ ಗೂಟಕ್ಕೆ ಸಾಖಳಿ ಹಿಡಿಸಿದ. ತೆಂಕಣ ಸೀಮೆಕಲ್ಲಿನಿಂದ ಇನ್ನೊಮ್ಮೆ ಹಿಡಿಸಿದ. ಆ ಎರಡು ದೂರಗಳನ್ನು ಕೈವಾರದಲ್ಲಿ ತೆಗೆದುಕೊಂಡು ನಕಾಶೆಯ ಮೇಲೆ ಎರಡು ಕಮಾನು ಎಳೆದ. ಅವು ಕೂಡಿದ ಕಡೆ ಒಂದು ಟಾಚಣಿ ಚುಚ್ಚಿದ.

"ಸರ್ವೇ ನಂಬರ್ ಎಂಬತ್ತೇಳು. ಹತ್ತಿಗೇರಿ" ಎಂದ.

ಮಾಗನಾಳದ ಫೌಜದಾರನ ಮುಖ ಬಿಗಿಯಿತು. "ಕಲ್ಲು ಕಣ್ಣ ಮುಂದ ಐತಿ. ನಡುವಿನ ಕಲ್ಲಿನಿಂದ ಅಳೀರಿ."

ಮೈಲಾರಪ್ಪ ವಾಲಿದ ಕಲ್ಲಿನಿಂದಲೂ ಅಳೆಸಿದ. ಕೈವಾರ ಇಟ್ಟ. ಹಣೆ ಗಂಟಿಕ್ಕಿತು. ಆಳುಗಳನ್ನು ಬೈದು ಮತ್ತೆ ಅಳೆಸಿದ. ಆಮೇಲೆ ತಾನೇ ಎದ್ದು ಹೋಗಿ ಸಾಖಳಿ ಹಿಡಿದು ಬಂದ.

"ಇದು ಕೂಡೋದಿಲ್ಲ" ಎಂದ. "ಆ ಎರಡು ಕಲ್ಲು ತಮ್ಮ ಜಾಗದಾಗ ಅದಾವ. ಇದು ತನ್ನ ಜಾಗದಾಗ ಇಲ್ಲ. ನಕಾಶಿ ಪ್ರಕಾರ ಇದು ಗೂಟದ ಆ ಕಡೆ ಇರಬೇಕು. ಈ ಕಡೆ ಬಂದದ."

ನಕಾಶೆ ತೋರಿಸಿದ ಕಡೆ ಅಗೆಸಿದರು. ಮೊಣಕಾಲುದ್ದ ಕೆಳಗೆ ಸುಣ್ಣದ ಹರಳು, ಇದ್ದಿಲು, ಒಡೆದ ಗಡಿಗೆಯ ಚೂರುಗಳು ಸಿಕ್ಕವು. ಹಿಂದಿನ ಸರ್ವೇದವರು ಕಲ್ಲು ನೆಡುವಾಗ ಗುರುತಿಗೆಂದು ಬುಡದಲ್ಲಿ ಹಾಕುತ್ತಿದ್ದ ಸಾಮಾನು ಅವು. ಕಲ್ಲು ಮೊದಲು ಇದ್ದದ್ದು ಅಲ್ಲೇ, ಸಂಶಯವಿರಲಿಲ್ಲ. ಮಾಗನಾಳದ ಫೌಜದಾರ ಟಾಂಗಾ ಹತ್ತಿದ. ಹದ್ದಿನ ತಕರಾರು ಅಲ್ಲಿಗೆ ಮುಗಿಯಿತು.

ಗವಿಸಿದ್ದಪ್ಪನಿಗೆ ಅಲ್ಲಿಂದ ಶುರುವಾಯಿತು. ಠಾಣೆಗೆ ಮರಳಿ, ಅಂಗಿಯ ಗುಂಡಿ ಬಿಚ್ಚಿ, ಗೋಡೆಗೆ ಒರಗಿ ಕೂತ.

"ಮಹಮ್ಮದಸಾಬ, ನೀ ಇಷ್ಟ ವರ್ಷ ನೌಕರಿ ಮಾಡಿದಿ. ಸೀಮಿಕಲ್ಲು ಸರಿಸಿದವ್ರನ್ನ ನೋಡಿರಬೇಕು."

"ಭಾಳ ಮಂದಿನ್ನ ನೋಡೇನ್ರಿ. ಎಲ್ಲಾರೂ ಆ ಕಡೆ ಸರಸ್ತಾರ. ಮಂದಿ ಹೊಲಾ ತಮ್ಮ ಕಡೆ ಬರಲಿ ಅಂತ."

"ಈ ಕಲ್ಲು ಈ ಕಡೆ ಬಂದೈತಿ. ಎಂಬತ್ತೇಳು ಗೌಡನ ಹೊಲ. ಕಲ್ಲು ಒಳಗ ಬಂದ್ರ ಗೌಡನ ಹೊಲನ ಕಡಿಮಿ ಆತು. ರಾತ್ರಿ ಸರಪಳಿ ಹಚ್ಚಿ ಅದನ್ನ ಹೊಳ್ಳಿ ಇಡಾಕ ಹ್ವಾದಾವನೂ ಗೌಡನ. ಅಂದ್ರ ಅವನಿಗೆ ಮೊದಲಿನ ಜಾಗ ಗೊತ್ತಿತ್ತು."

"ಅವರ ಸರಿಸಿದ್ರಂತೀರೇನು? ತಮ್ಮ ಹೊಲಾ ತಾವ ಯಾರ ಬಿಟ್ಟುಕೊಡ್ತಾರ್ರಿ?"

"ಹೊಲದ ಮ್ಯಾಲ ಇರಬಾರದ್ದು ಏನರ ಬಿದ್ದಿದ್ರ ಬಿಟ್ಟುಕೊಡ್ತಾರ."

ಹವಾಲ್ದಾರ ಹತ್ತಿಗೇರಿಗೆ ಬಂದು ಮೂರೇ ವರ್ಷ. ಅವನಿಗೆ ಹಿಂದಿನದು ಗೊತ್ತಿರಲಿಲ್ಲ. ಊರವರು ಗೌಡನ ಮನೆಯ ನೆರಳಲ್ಲಿ ಇದ್ದವರು, ಬಾಯಿ ಬಿಡುವಂತಿರಲಿಲ್ಲ. ಆದ್ದರಿಂದ ಭಾನುವಾರ ಗವಿಸಿದ್ದಪ್ಪ ಮಾಗನಾಳದ ಕಡೆಯ ಹೊಲದ ಒಡೆಯ ಅಂದಾನಪ್ಪನನ್ನು ಕರೆಸಿದ. ಅಂದಾನಪ್ಪ ಹೆದರಿದ್ದ. ಬಂದವನೇ ಕೈಮುಗಿದ.

"ನಾ ಯಾಕ ಹೊಡೀಲ್ರಿ? ಆ ಕಲ್ಲಿನಿಂದ ನನಗ ಹೊಲ ಹೆಚ್ಚಾಗಿತ್ತು. ಗುರುವಾರ ರಾತ್ರಿ ನಾ ಇಟಗಿದಾಗ ಇದ್ನಿ. ಗಾಡಿ ತುಂಬ ಮಂದಿ ಹೋಗಿದ್ವಿ. ಕೇಳ್ರಿ ಬೇಕಾದ್ರ."

"ಕೇಳತೇನಿ. ಕಲ್ಲು ಯಾವಾಗ ಬಂತು?"

"ಆರು ವರ್ಷ ಆತ್ರಿ."

"ಯಾರೂ ತಕರಾರು ಮಾಡಲಿಲ್ಲ?"

"ಬಂದ ಹೊಲಾ ಯಾರ ಒಲ್ಲೆ ಅಂತಾರ್ರಿ? ಗೌಡ್ರ ಸುಮ್ಮನಿದ್ರು. ನಾನೂ ಸುಮ್ಮನ ಬಿತ್ತಿದೆ."

"ಗೌಡನ ಹೆಣ ಬಿದ್ದ ಜಾಗದಾಗ ಏನಿತ್ತು ಅಂದಾನಪ್ಪ?"

ಅಂದಾನಪ್ಪ ನೆಲ ನೋಡಿದ.

"ಏನಿತ್ತು?"

"ಹುಚ್ಚಪ್ಪ ಇದ್ನರಿ" ಎಂದ ಅಂದಾನಪ್ಪ.

ಹುಚ್ಚಪ್ಪ ಗೌಡನ ಎಂಬತ್ತೇಳನೆಯ ನಂಬರನ್ನು ಲಾವಣಿಗೆ, ಅಂದರೆ ಗೇಣಿಗೆ ಮಾಡುತ್ತಿದ್ದ. ಉಳುವವನನ್ನು ಹೊಲ ಬಿಡಿಸುವಂತಿಲ್ಲ ಎಂದು ಹೊಸ ಕಾಯದೆ ಬಂದಾಗ ಗೌಡ ಹೊಲ ಬಿಡು ಅಂದ, ಹುಚ್ಚಪ್ಪ ಬಿಡೆ ಅಂದ. 1949ರ ಯುಗಾದಿ ಮುಗಿದು ಕೆಲವೇ ದಿನಗಳಲ್ಲಿ ಒಂದು ಮುಂಜಾನೆ ಅವನು ಅದೇ ಹೊಲದಲ್ಲಿ ಸತ್ತು ಬಿದ್ದಿದ್ದ. ಮೈಮೇಲೆ ಬಡಿಗೆಯ ಬಾಸುಂಡೆಗಳು. ಅವನ ಹೆಂಡತಿ ಗಾಳೆವ್ವ ಹತ್ತಿಗೇರಿ ಠಾಣೆಗೆ ಓಡಿದಳು. ಪೇದೆ ಬಂದು ನೋಡಿ, ಹೆಣ ಕಲ್ಲಿನ ಆ ಕಡೆ ಇದೆ, ಮಾಗನಾಳಕ್ಕೆ ಹೋಗು ಎಂದ. ಮಾಗನಾಳದವರು ಬಂದು, ಇದು ಹತ್ತಿಗೇರಿಯ ಲಾವಣಿದಾರನ ಹೆಣ, ಅವನ ಹೊಲ ಹತ್ತಿಗೇರಿಯದು, ನಮಗೇನು ಸಂಬಂಧ ಎಂದರು. ಮತ್ತೆ ಆ ಠಾಣೆ, ಮತ್ತೆ ಈ ಠಾಣೆ.

"ಆಕಿ ಏನಂದ್ಲು?"

"ರಾತ್ರೋರಾತ್ರಿ ಕಲ್ಲು ಸರದೈತಿ ಅಂತ ಒದರತಿದ್ಲ್ರಿ. ಕಲ್ಲಿಗೆ ಕಾಲು ಬಂದಾವೇನಬೇ ಅಂತ ಪೊಲೀಸ್ರು ನಕ್ರು. ನಾವೂ ನಕ್ವಿ." ಅಂದಾನಪ್ಪನ ದನಿ ಸಣ್ಣದಾಯಿತು. "ಎರಡು ದಿನ ಬಿದ್ದಿತ್ರಿ ಹೆಣ. ಚೈತ್ರದ ಬಿಸಲು. ಆಕಿ ಬೇವಿನ ತಪ್ಪಲಾ ಹಿಡಕೊಂಡು ನಾಯಿ ಹದ್ದು ಓಡಿಸಕೊಂತ ಕೂತಿದ್ಲು. ಮೂರನೇ ದಿನ ಯಾರೋ ಬಂದ್ರು, ಬಿಸಲ ಬಡದು ಸತ್ತಾನ ಅಂತ ಬರದು ಹ್ವಾದ್ರು. ಹೊತ್ತು ಒಯ್ಯಾಕ ಬರೋ ಹಂಗಿರಲಿಲ್ರಿ. ಅಲ್ಲೇ ಸನೇಕ ಸುಟ್ರು."

ಇಟಗಿಗೆ ಪೇದೆ ಕಳಿಸಿ ವಿಚಾರಿಸಿದರು. ಅಂದಾನಪ್ಪ ಹೇಳಿದ್ದು ಖರೆಯಾಗಿತ್ತು. ರೋಣದ ದವಾಖಾನೆಯಿಂದಲೂ ವರದಿ ಬಂತು. ಹಿಂದಿನಿಂದ ಬಿದ್ದ ಒಂದೇ ಪೆಟ್ಟು, ಹೊಡೆಯುವಾಗ ಗೌಡ ಬಗ್ಗಿದ್ದ ಎಂದಿತ್ತು.

ಗಾಳೆವ್ವನ ಗುಡಿಸಲಿಗೆ ಕೀಲಿ ಬಿದ್ದಿತ್ತು. ನೆರೆಮನೆಯ ರಸೂಲಬಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು.

"ಗಜೇಂದ್ರಗಡಕ್ಕ ಹೋಗ್ಯಾಳ್ರಿ. ಮೈದನ ಗ್ಯಾನಪ್ಪನ ಮನಿಗೆ."

"ಯಾವಾಗ?"

"ಶುಕ್ರವಾರ ಮಧ್ಯಾಹ್ನ. ಗೌಡ್ರ ಗಾಡಿ ಹ್ವಾತು, ಈಕಿನೂ ಹ್ವಾದ್ಲು."

"ಇದ್ದಕ್ಕಿದ್ದಂಗ?"

"ಬೆಲ್ಲ ಕೇಳಿ ಇಸಗೊಂಡು ಹ್ವಾದ್ಲ್ರಿ" ಎಂದಳು ರಸೂಲಬಿ. ಅದು ಅವಳಿಗೇ ವಿಚಿತ್ರವೆನಿಸಿದಂತಿತ್ತು. "ಆರು ವರ್ಷದಾಗ ಆಕಿ ಒಂದ ದಿನಾ ಬೆಲ್ಲ ಬಾಯಿಗೆ ಹಾಕಿದ್ದು ನಾ ನೋಡಿಲ್ಲ."

ಸೋಮವಾರ ಹವಾಲ್ದಾರನನ್ನು ಕರೆದುಕೊಂಡು ಗವಿಸಿದ್ದಪ್ಪ ರೋಣಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೊರಟ. ಗುಡ್ಡದ ಬುಡದ ಓಣಿಯಲ್ಲಿ ಮಗ್ಗಗಳ ಸದ್ದು ಮನೆಮನೆಯಿಂದ ಬರುತ್ತಿತ್ತು. ಗ್ಯಾನಪ್ಪ ಒಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಟೊಪ್ಪಿಗೆ ಕಂಡು ಲಾಳಿ ಕೈಯಲ್ಲೇ ನಿಂತಿತು.

"ಗುರುವಾರ ರಾತ್ರಿ ಎಲ್ಲಿದ್ದಿ?"

"ಇಲ್ಲೇ ಇದ್ನಿರಿ. ಸೀರಿ ಕೊಡೋದಿತ್ತು, ಸರುವೊತ್ತಿನತನಕ ನೇಯ್ದೇವಿ." ಮಗ್ಗದ ಯಜಮಾನನೂ ಹೌದೆಂದ. ಪಕ್ಕದ ಮಗ್ಗದ ಇಬ್ಬರೂ ಹೌದೆಂದರು.

"ನಿಮ್ಮ ವೈನಿ ಬಂದಿದ್ಲೇನು?"

"ಬಂದಿದ್ಲ್ರಿ. ಇವತ್ತ ಮುಂಜಾನಿ ಬಸ್ಸಿಗೆ ಹೊಳ್ಳಿ ಹ್ವಾದ್ಲು."

"ಏನಂದ್ಲು?"

"ಏನೂ ಅನ್ನಲಿಲ್ರಿ. ಹೋಳಿಗಿ ಮಾಡಿದ್ಲು." ಗ್ಯಾನಪ್ಪ ಕುಣಿಯಿಂದ ಮೇಲೆ ಬಂದು ಗೋಡೆ ಹಿಡಿದು ನಿಂತ. "ನನ್ನ ಹುಡುಗರನ್ನ ಸಾಲಾಗಿ ಕುಂಡ್ರಿಸಿ ತುಪ್ಪ ಹಾಕಿ ಉಣಿಸಿದ್ಲು. ತಾನೂ ಉಂಡ್ಲು. ಯಾವ ಹಬ್ಬ ವೈನಿ ಅಂದೆ. ನಿಮ್ಮಣ್ಣ ಇವತ್ತ ಉಂಡಾ ಅಂದ್ಲು. ಅಷ್ಟ."

"ನಿನಗ ಏನನ್ನಿಸ್ತು?"

ಗ್ಯಾನಪ್ಪ ಕೈಯಲ್ಲಿದ್ದ ಲಾಳಿಯನ್ನು ಮಗ್ಗದ ಮೇಲಿಟ್ಟ. "ಆವಾಗ ನಾ ಒಂದು ದಿನ ಕೂತೆ ಸಾಹೇಬ್ರ. ನಾತ ತಾಳಲಾರದ ಎದ್ದು ಓಡಿದೆ. ಇಲ್ಲಿತನಕ ಓಡಿ ಬಂದೆ. ಆಕಿ ಏಳಲಿಲ್ಲ. ನನಗ ಏನನ್ನಿಸಿದ್ರ ಏನು ಬಂತ್ರಿ? ಏನರ ಮಾಡೋದಿದ್ರ ಅದು ನನ್ನ ಕೆಲಸ ಆಗಿತ್ತು."

ಮಂಗಳವಾರ ಮುಂಜಾನೆ ಗವಿಸಿದ್ದಪ್ಪ, ಮಹಮ್ಮದಸಾಬ ಇಬ್ಬರೂ ಗಾಳೆವ್ವನ ಓಣಿಗೆ ಹೋದರು. ಓಡಿಹೋಗಿರಬಹುದೆಂದು ಹವಾಲ್ದಾರನಿಗೆ ಸಂಶಯವಿತ್ತು. ಅವಳು ತನ್ನ ಗುಡಿಸಲಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾಲ್ವತ್ತು ದಾಟಿದ ಹೆಂಗಸು. ಗಟ್ಟಿ ಮೈ, ಹೊಲದಲ್ಲಿ ದುಡಿದು ಒರಟಾದ ಕೈ. ಪೊಲೀಸರನ್ನು ಕಂಡು ಏಳಲಿಲ್ಲ, ಜಾಗ ಮಾತ್ರ ಬಿಟ್ಟಳು. ಫೌಜದಾರ ಕಟ್ಟೆಯ ಈ ತುದಿಗೆ ಕೂತ.

"ಗಾಳೆವ್ವ, ಗುರುವಾರ ರಾತ್ರಿ ಎಲ್ಲಿದ್ದಿ?"

"ಮೊದಲ ನೀವು ಹೇಳ್ರಿ. ಸರ್ವೇದವ್ರು ಅಳದ್ರಂತಲ್ಲ, ಆ ಜಾಗ ಯಾರ ಹದ್ದಂತ?"

"ಹತ್ತಿಗೇರಿದು. ನಮ್ಮ ಠಾಣೇದು."

"ಇವತ್ತ, ಏನು ಆವತ್ತೂ?"

"ಆವತ್ತೂ ನಮ್ಮದ. ಕಲ್ಲು ಸರಿಸಿದ್ರು."

ಗಾಳೆವ್ವ ಎದುರಿನ ಗೋಡೆ ನೋಡುತ್ತ ಕೂತಳು. ಓಣಿಯಲ್ಲಿ ಕೋಳಿಯೊಂದು ಮರಿಗಳನ್ನು ಕರೆದುಕೊಂಡು ದಾಟಿತು.

"ಹಂಗಾರ ನಾ ಸುಳ್ಳ ಹೇಳಿರಲಿಲ್ಲ" ಎಂದಳು.

"ಇಲ್ಲ."

"ಒಬ್ಬರ ಬಾಯಾಗರ ಈ ಮಾತ ಬಂದಿರಲಿಲ್ಲ ನೋಡ್ರಿ ಇಲ್ಲಿತನಕ."

ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ. ಡಂಗುರ ಕೇಳಿದ ದಿನವೇ ಅವಳಿಗೆ ಗೊತ್ತಾಗಿತ್ತು, ಅಳತೆಯವರು ಬರುವ ಮೊದಲು ಗೌಡ ಕಲ್ಲನ್ನು ಹಳೆಯ ಜಾಗಕ್ಕೆ ಒಯ್ಯಲೇಬೇಕು. ಕಲ್ಲು ತಪ್ಪಿದ್ದು ಕಂಡರೆ ಯಾಕೆ ತಪ್ಪಿತೆಂದು ಯಾರಾದರೂ ಕೇಳುತ್ತಾರೆ. ಆಳಿಗೆ ಹೇಳಿದರೆ ಆಳಿನ ಬಾಯಿ. ಅದಕ್ಕೇ ಅವನು ಒಬ್ಬನೇ ಬರುತ್ತಾನೆ. ಮೂರು ರಾತ್ರಿ ಕೌದಿ ಹೊದ್ದು ಸೊಪ್ಪೆಯ ಬಣವೆಯಲ್ಲಿ ಕಾದಳು. ಮೂರನೆಯ ರಾತ್ರಿ ಅವನು ಬಂದ. ಬುಡ ಅಗೆದು, ಹಾರೆ ಕೆಳಗಿಟ್ಟು, ಕಲ್ಲಿಗೆ ಸರಪಳಿ ಸುತ್ತಲು ಬಗ್ಗಿದ.

"ಹಾರಿ ನನ್ನ ಕಾಲಾಗ ಬಂದಂಗ ಬಿದ್ದಿತ್ತು. ಗೌಡ್ರ ಅಂದೆ. ಹೊಳ್ಳಿ ನೋಡಾಕ ಹ್ವಾದ. ಅಷ್ಟರಾಗ ಹೊಡದೆ."

"ಕರದ ಯಾಕ ಹೊಡದಿ?"

"ಯಾರು ಬಂದಾರ ಅಂತ ಗೊತ್ತಾಗಲಿ ಅಂತ."

"ಅಲ್ಲಿಗೆ ಯಾಕ ಎಳದಿ?"

"ನನ್ನ ಗಂಡ ಮಲಗಿದ್ದ ಜಾಗ ನನಗ ಕಣ್ಣು ಮುಚ್ಚಿದ್ರೂ ಸಿಗತೈತಿ. ಅಲ್ಲೇ ಒಯ್ದು ಹಂಗ ಮಲಗಿಸಿದೆ. ಬಿಸಲ ಬೀಳಲಿ. ಈ ಠಾಣೇದವ್ರು ಆ ಕಡೆ ಅನ್ನಲಿ, ಆ ಠಾಣೇದವ್ರು ಈ ಕಡೆ ಅನ್ನಲಿ. ಅವನ ಹೆಂಡ್ತಿನೂ ನಾಯಿ ಹೊಡಕೊಂತ ಕೂಡಲಿ ಅಂತ."

ಗವಿಸಿದ್ದಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ನಾನೂ ಮಂದಿ ಜೋಡಿ ಬದುವಿನ ಮ್ಯಾಲ ನಿಂತಿದ್ದೆ ಅವತ್ತ" ಎಂದಳು ಗಾಳೆವ್ವ. "ನೀವು ಬಂದ್ರಿ. ಆ ಕಡೆಯಿಂದ ಅವರೂ ಬಂದ್ರು. ನಮ್ಮ ಹೆಣ ನಮ್ಮ ಹೆಣ ಅಂತ ಎಳದಾಡಿದ್ರಿ. ನನ್ನ ಗಂಡಗ ಎರಡರಾಗ ಒಂದೂ ಠಾಣೆ ಇರಲಿಲ್ರಿ. ಗೌಡಗ ಎರಡೂ ಓಡಿ ಬಂದ್ವು."

ಮಹಮ್ಮದಸಾಬ ಮುಖ ಅತ್ತ ತಿರುಗಿಸಿದ.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗವಿಸಿದ್ದಪ್ಪ ಪಂಚರನ್ನು ಕರೆಸಿದ. ಎಳೆಯಲು ಬಳಸಿದ ಕೌದಿಯನ್ನು ಗಾಳೆವ್ವ ಸುಟ್ಟಿರಲಿಲ್ಲ, ತೊಳೆದೂ ಇರಲಿಲ್ಲ. ಜೋಳದ ಹಗೆವಿನ ಬಾಯಿಯ ಮೇಲೆ ಮಡಚಿ ಇಟ್ಟಿದ್ದಳು. ತಾನೇ ತೆಗೆದು ಕೊಟ್ಟಳು. ಒಂದು ಮಗ್ಗುಲಿಗೆ ಒಣಗಿದ ರಕ್ತ, ಇನ್ನೊಂದು ಮಗ್ಗುಲಿಗೆ ಎರೆಮಣ್ಣು, ಮುರಿದ ಕೂಳೆ. ಜಪ್ತಿ ಪಂಚನಾಮೆಯಾಯಿತು. ಹತ್ತೂವರೆಗೆ ಅವಳನ್ನು ದಸ್ತಗಿರಿ ಮಾಡಿದರು. ಅವಳು ರಸೂಲಬಿಯನ್ನು ಕರೆದು, ಇಸಿದುಕೊಂಡ ಬೆಲ್ಲದ ಬದಲಿಗೆ ಗುಡಿಸಲಿನಲ್ಲಿದ್ದ ಜೋಳ ತೆಗೆದುಕೋ ಎಂದಳು. ರಸೂಲಬಿ ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದಳು.

ಹದಿನಾರರಂದು ರೋಣದ ಮ್ಯಾಜಿಸ್ಟ್ರೇಟರು ಅವಳ ಹೇಳಿಕೆ ತೆಗೆದುಕೊಂಡರು. ಪೊಲೀಸರೆಲ್ಲ ಹೊರಗೆ ಹೋಗಬೇಕಾಯಿತು. ನಡೆದದ್ದನ್ನು ಗವಿಸಿದ್ದಪ್ಪ ಆಮೇಲೆ ಕೋರ್ಟಿನ ಗುಮಾಸ್ತನಿಂದ ಕೇಳಿದ. ಅದೇ ವಾರ ಅವನು 1949ರ ಹುಚ್ಚಪ್ಪನ ಸಾವನ್ನು ಹತ್ತಿಗೇರಿ ಠಾಣೆಯ ಹದ್ದಿನಲ್ಲಿ ಕೊಲೆಯೆಂದು ಹೊಸದಾಗಿ ದಾಖಲು ಮಾಡಿದ. ಆರೋಪಿ ಗುರುಸಂಗಪ್ಪಗೌಡ, ಮೃತ. ಆ ಪ್ರಕರಣ ದಾಖಲಾದ ದಿನವೇ ಮುಗಿಯಿತು. ಮೇಲಿನವರು ಸತ್ತವನ ಮೇಲೆ ಸತ್ತವನ ಕೇಸು ಯಾಕೆಂದು ಕೇಳಿದರು. ಹದ್ದು ನಮ್ಮದು, ಅದಕ್ಕೆ ಎಂದು ಅವನು ಉತ್ತರ ಬರೆದ.

ಊರಿನಲ್ಲಿ ಎಲ್ಲರೂ ಗಂಡನನ್ನು ಕೊಂದವನ ಮೇಲೆ ಹೆಂಡತಿ ಸೇಡು ತೀರಿಸಿಕೊಂಡಳು ಎಂದರು. ಗವಿಸಿದ್ದಪ್ಪನಿಗೆ ಅದು ಪೂರ್ತಿ ಅನ್ನಿಸಲಿಲ್ಲ. ಬಡಿಗೆಯ ಪೆಟ್ಟನ್ನು ಅವಳು ಒಂದಲ್ಲ ಒಂದು ದಿನ ಮರೆಯುತ್ತಿದ್ದಳೇನೋ. ಆ ಎರಡು ದಿನ ಅವಳನ್ನು ಬಿಟ್ಟಿರಲಿಲ್ಲ.

ಗುಮಾಸ್ತ ಹೇಳಿದ್ದು ಇಷ್ಟು. ಹೇಳಿಕೆಯೆಲ್ಲ ಬರೆದು ಮುಗಿದ ಮೇಲೆ ಮ್ಯಾಜಿಸ್ಟ್ರೇಟರು, ಮಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರಂತೆ. ಗಾಳೆವ್ವ ಐತಿ ಅಂದಳಂತೆ. ಮ್ಯಾಜಿಸ್ಟ್ರೇಟರು ಮುಂದೆ ಬಾಗಿ, ಏನು ಎಂದರು.

"ಗೌಡ ಮಧ್ಯಾಹ್ನ ಆಗೋದ್ರಾಗ ಗಾಡಿ ಏರಿ ಹ್ವಾದ್ನರಿ" ಎಂದಳು. "ಒಂದು ರಾತ್ರಿನರ ಬೀಳಬೇಕಿತ್ತು."

ಗುಮಾಸ್ತ ಬರೆಯುತ್ತಿದ್ದ ಟಾಕು ಎತ್ತಿ, ಇದನ್ನೂ ಬರೆಯಬೇಕೇ ಎಂದು ಮ್ಯಾಜಿಸ್ಟ್ರೇಟರ ಮುಖ ನೋಡಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬರೀರಿ" ಎಂದರು. "ಆಕಿ ಹೆಂಗ ಅಂದಾಳ, ಹಂಗ ಬರೀರಿ."